ಗುರುತಿನ ಕಾಯಿ

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಬರೆಯುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಮಾರ್ತಾ ಅವರ ಬೆಕ್ಕು ಬೂದು ಬಣ್ಣದ್ದು ಅಂತ ನನ್ನ ನೆನಪು. ಆದರೆ ಅವರ ಊರಿನ ಬೆಳಕೇ ಬೂದಾಗಿತ್ತು, ಬೆಕ್ಕು ಬಿಳಿಯದೇ ಇದ್ದಿರಬಹುದು. ಹೈಸ್ಕೂಲಿನಿಂದ ದಿನಚರಿ ಬರೆಯುತ್ತೀಯಲ್ಲ, ತೆಗೆದು ನೋಡು ಅಂತ ನೀವು ಹೇಳಬಹುದು. ನೋಡಿದೆ. ಆ ಶುಕ್ರವಾರದ ಪುಟದಲ್ಲಿ ‘ಇವತ್ತು ಜೋರು ಮಳೆ’ ಎಂದು ನನ್ನದೇ ಅಕ್ಷರದಲ್ಲಿದೆ. ಮಳೆ ಬಂದಿದ್ದರೆ ಅಂಗಳದಲ್ಲಿ ತೆಂಗಿನಕಾಯಿ ಎಣಿಸುತ್ತಿರಲಿಲ್ಲ. ಅಂಗಳದಲ್ಲಿ ಕಾಯಿ ಎಣಿಸದೇ ಇದ್ದಿದ್ದರೆ ನಾನು ಇದನ್ನೆಲ್ಲ ಬರೆಯುತ್ತಲೂ ಇರಲಿಲ್ಲ. ಹಾಗಾಗಿ ದಿನಚರಿಯನ್ನು ಮುಚ್ಚಿಟ್ಟು ತಲೆಯನ್ನೇ ನಂಬಿಕೊಂಡು ಮುಂದುವರಿಯುತ್ತೇನೆ. ನೀವು ಅಷ್ಟಾಗಿ ನಂಬಬೇಕಿಲ್ಲ.

ಇದೆಲ್ಲ ನೆನಪಾದದ್ದು ಬಟ್ಟೆಗೆ ಹಾಕುವ ಕ್ಲಿಪ್ಪುಗಳಿಂದ. ಮೊನ್ನೆ ತುಮಕೂರಿನ ನನ್ನ ಬಾಡಿಗೆ ಕೋಣೆಯಲ್ಲಿ ಕೂತು ಅವನ್ನು ಎಣಿಸುತ್ತಿದ್ದೆ. ಲಾಭ, ಎರಡು, ಮೂರು, ನಾಲ್ಕು. ನನ್ನ ಜೊತೆಗಿರುವ ಕಾರವಾರದ ಹುಡುಗಿ ಹಲ್ಲುಜ್ಜುತ್ತಿದ್ದವಳು ಬ್ರಷ್ಷನ್ನು ಬಾಯಿಂದ ತೆಗೆದು, ಒಂದು ಎಲ್ಲಿ ಹೋಯಿತು ಎಂದು ಕೇಳಿದಳು. ನಮ್ಮ ಕಡೆ ರಾಗಿ ಅಳೆದರೂ ಕಾಯಿ ಎಣಿಸಿದರೂ ಒಂದು ಅನ್ನುವುದಿಲ್ಲ, ಲಾಭ ಅಂತಲೇ ಶುರು ಮಾಡುವುದು ಎಂದೆ. ಹದಿನಾಲ್ಕು ಕ್ಲಿಪ್ಪಿನಿಂದ ನಿನಗೆ ಏನು ಲಾಭ ಎಂದಳು. ಉತ್ತರ ಹೇಳಲು ಬಾಯಿ ತೆರೆದೆ. ಬಂದದ್ದು ನಗು. ಆ ನಗುವನ್ನು ಅವಳಿಗೆ ವಿವರಿಸಲು ಬೆಳಗಿನ ಕಾಫಿ, ತಿಂಡಿ, ಬಸ್‌ಸ್ಟಾಪಿನವರೆಗಿನ ದಾರಿ ಎಲ್ಲ ಬೇಕಾಯಿತು. ಯಾಕೆಂದರೆ ಹೀಗೆ ಎಣಿಸುವ ಅಭ್ಯಾಸದಿಂದಲೇ ನಾನು ಒಮ್ಮೆ ಸಮುದ್ರದಾಚೆಯ ಒಂದು ಊರಿನಲ್ಲಿ ಅರವತ್ತೊಂದು ಕಂಬಳಿಗಳನ್ನು ಮಾಯ ಮಾಡಿದ್ದೆ. ಅದೂ ಅರಳಗುಪ್ಪೆ ಹತ್ತಿರದ ದೊಡ್ಡಮ್ಮನ ಮನೆಯ ಅಟ್ಟದ ಮೇಲೆ ಕೂತುಕೊಂಡು.

ಎಂ.ಎ. ಮುಗಿಸಿದ ವರ್ಷ ನನಗೆ ಒಂದು ದೊಡ್ಡ ಅಂತರರಾಷ್ಟ್ರೀಯ ಸಂಸ್ಥೆಯ ಮಾನವೀಯ ನೆರವಿನ ವಿಭಾಗದಲ್ಲಿ ಮೂರು ತಿಂಗಳ ಇಂಟರ್ನ್‌ಶಿಪ್ ಸಿಕ್ಕಿತು. ಸಂಸ್ಥೆಯ ಹೆಸರು ಬೇಡ, ಅವರು ಒಳ್ಳೆಯವರು. ಆಯ್ಕೆಯಾದ ಪತ್ರ ಬಂದ ದಿನ ತುರುವೇಕೆರೆಯ ನಮ್ಮ ಬೀದಿಯಲ್ಲಿ ನಾನು ನಡೆದದ್ದು ಕಾಲಿನಿಂದಲ್ಲ. ಅಪ್ಪ ಎರಡು ಸೂಟ್‌ಕೇಸಿನ ಬೆಲೆ ವಿಚಾರಿಸಿಕೊಂಡು ಬಂದರು. ಅಮ್ಮ ಅಲ್ಲಿ ರಾಗಿ ಹಿಟ್ಟು ಸಿಗುವುದಿಲ್ಲವೆಂದು ಬೀಸಿಸಲು ಕಳಿಸಿದಳು. ಪತ್ರದ ಎರಡನೇ ಪುಟವನ್ನು ನಾನು ಓದಿದ್ದು ಹಿಟ್ಟು ಬಂದ ಮೇಲೆ. ಕೆಲಸ ಮನೆಯಿಂದಲೇ ಮಾಡುವುದು ಎಂದಿತ್ತು.

ಆದರೆ ಮನೆಯೇ ಇರಲಿಲ್ಲ. ನಮ್ಮ ಮನೆ ಒಡೆಸಿ ಹೊಸದು ಕಟ್ಟಿಸುತ್ತಿದ್ದರು. ಅಪ್ಪ ಅಮ್ಮ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಸಾಮಾನುಗಳ ನಡುವೆ ಜಾಗ ಹುಡುಕಿಕೊಂಡು ಮಲಗುತ್ತಿದ್ದರು. ಹಾಗಾಗಿ ನಾನು, ನನ್ನ ಲ್ಯಾಪ್‌ಟಾಪು, ಆ ರಾಗಿ ಹಿಟ್ಟು, ಮೂರೂ ದೊಡ್ಡಮ್ಮನ ಮನೆಗೆ ಹೋದೆವು. ದೊಡ್ಡಪ್ಪ ತೀರಿಕೊಂಡ ಮೇಲೆ ತೋಟವನ್ನು ಅವಳೇ ನೋಡಿಕೊಳ್ಳುತ್ತಾಳೆ. ಕಾಯಿ ಕೀಳಿಸುವುದು, ಅಟ್ಟಕ್ಕೆ ಹಾಕಿಸುವುದು, ವರ್ಷ ಕಳೆದ ಮೇಲೆ ಇಳಿಸಿ ಕೊಬ್ಬರಿ ಒಡೆಸುವುದು, ವ್ಯಾಪಾರಿಗಳನ್ನು ಜಗಲಿಯ ಮೇಲೆ ಕೂರಿಸಿ ಬೆವರಿಳಿಸುವುದು, ಎಲ್ಲ. ಇಂಥ ಮನೆಯಲ್ಲಿ ನೆಟ್ ಸರಿಯಾಗಿ ಸಿಗುತ್ತಿದ್ದದ್ದು ಒಂದೇ ಜಾಗದಲ್ಲಿ, ಅಂಗಳದ ಪಕ್ಕದ ಕೊಬ್ಬರಿ ಶೆಡ್ಡಿನ ಏಣಿಯ ತುದಿಯಲ್ಲಿ. ಅಲ್ಲಿ ಎರಡು ಹಲಗೆ ಹಾಕಿಸಿ ನನ್ನ ಕಚೇರಿ ಮಾಡಿಕೊಟ್ಟಳು. ಬೆನ್ನ ಹಿಂದೆ ಗುಡ್ಡದಷ್ಟು ಕಾಯಿ, ತಲೆಯ ಮೇಲೆ ಹೆಂಚು, ಮೂಲೆಯಲ್ಲಿ ನನಗಿಂತ ಮೊದಲೇ ಸೇರಿಕೊಂಡಿದ್ದ ಒಂದು ಇಲಿ.

ನನ್ನ ಮೇಲಧಿಕಾರಿ ಮಾರ್ತಾ ಚಳಿ ದೇಶದವರು. ಮೊದಲ ದಿನವೇ, ನಿಮ್ಮ ಹಿಂದಿನ ಚಿತ್ರ ಚೆನ್ನಾಗಿದೆ, ಆದರೆ ಸಭೆಗಳಲ್ಲಿ ದಯವಿಟ್ಟು ಸಾದಾ ಹಿನ್ನೆಲೆ ಬಳಸಿ ಎಂದರು. ಅದು ಚಿತ್ರವಲ್ಲ, ಮುಂದಿನ ವರ್ಷದ ಕೊಬ್ಬರಿ ಎಂದು ಹೇಳಿದೆ. ನಾನು ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ, ಹೀಗೆ ಒಳಗೆ ಗಿಲಕಿಯಂತೆ ಸದ್ದಾದರೆ ಕೊಬ್ಬರಿ ಆಯಿತು ಎಂದು ತೋರಿಸಿದೆ. ಅದಾದ ಮೇಲೆ ವಾರಕ್ಕೊಮ್ಮೆ ಸಭೆ ಮುಗಿಯುವಾಗ ಅವರೇ ಕೇಳುತ್ತಿದ್ದರು, ಸದ್ದು ಬಂತೇ ಎಂದು.

ಸಭೆಗೆಂದು ತಿಪಟೂರಿನ ರಹಮತ್ ಸಾಬರ ಹತ್ತಿರ ಒಂದು ಕೋಟು ಹೊಲಿಸಿದ್ದೆ. ಅಳತೆ ತೆಗೆದುಕೊಳ್ಳುತ್ತ ಅವರು ಎಲ್ಲಿಗೆ ಹೋಗುವುದಕ್ಕಮ್ಮ ಅಂದರು. ಎಲ್ಲಿಗೂ ಇಲ್ಲ, ಕಂಪ್ಯೂಟರಿನಲ್ಲಿ ಕಾಣುವುದಕ್ಕೆ ಎಂದೆ. ಅವರು ಟೇಪನ್ನು ಕೊರಳಿಗೆ ಹಾಕಿಕೊಂಡು ಯೋಚಿಸಿದರು. “ಹಿಂದ್ಗಡೆ ಕಾಣಲ್ಲ ಅಂದ್ರೆ ಮೊದ್ಲೇ ಹೇಳಮ್ಮ, ಬಟ್ಟೆ ಉಳೀತದೆ,” ಅಂದರು. ನಾನು ಹಿಂದುಗಡೆಯನ್ನೂ ಹೊಲಿಸಿದೆ. ಆದರೆ ಸೊಂಟದ ಕೆಳಗಿನ ವಿಷಯದಲ್ಲಿ ಅವರ ಮಾತನ್ನೇ ಪಾಲಿಸಿದೆ. ಮೂರು ತಿಂಗಳೂ ಮೇಲೆ ಕೋಟು, ಕೆಳಗೆ ಹೂವಿನ ಪೈಜಾಮ. ಇದು ಮಾತ್ರ ನನಗೆ ಖಂಡಿತ ನೆನಪಿದೆ.

ಊರಿನವರಿಗೆ ನನ್ನ ಕೆಲಸವನ್ನು ವಿವರಿಸುವುದು ಸುಲಭವಿರಲಿಲ್ಲ. ನಾಲ್ಕು ದೇಶಗಳಿಂದ ಬರುವ ಸಂಖ್ಯೆಗಳನ್ನು ಸೇರಿಸಿ ದಿನಕ್ಕೊಂದು ಪುಟದ ವರದಿ ಮಾಡುವುದು ಎಂದರೆ ಯಾರೂ ಒಪ್ಪುತ್ತಿರಲಿಲ್ಲ. ದೊಡ್ಡಮ್ಮ ತಾನೇ ಒಂದು ವಿವರಣೆ ಮಾಡಿಕೊಂಡು ಬಂದವರಿಗೆಲ್ಲ ಹೇಳುತ್ತಿದ್ದಳು. “ಎಲ್ಲಾನ ಗಾಳಿ ಎದ್ದು ಮನೆಮಠ ಹೋಯ್ತು ಅನ್ನು, ಅವ್ರಿಗೆ ಕಂಬ್ಳಿ ಕೊಡೋ ಆಫೀಸು. ನಮ್ಮುಡ್ಗಿ ಅಟ್ಟದ್ ಮೇಲೆ ಕುಂತ್ಕಂಡು ಕೊಡುಸ್ತಾಳೆ.” ಎಂ.ಎ. ಓದಿದ ನಾನು ಎರಡು ಪುಟ ತೆಗೆದುಕೊಂಡು ಬರೆಯಬಹುದಾಗಿದ್ದದ್ದಕ್ಕಿಂತ ಇದು ಸ್ಪಷ್ಟವಾಗಿತ್ತು ಎಂದು ಈಗ ಅನ್ನಿಸುತ್ತದೆ.

ಎರಡನೇ ವಾರದಲ್ಲಿ ಮಾರ್ತಾ ಒಂದು ಕೆಲಸ ಕೊಟ್ಟರು. ಗೋದಾಮಿನಲ್ಲಿರುವ ಕಂಬಳಿ, ಬಕೆಟ್ಟುಗಳನ್ನು ಓದುಬರಹ ಹೆಚ್ಚಿಲ್ಲದ ಸ್ವಯಂಸೇವಕರೂ ಬೇಗ ಎಣಿಸುವಂತೆ ಒಂದು ಪುಟದ ಸೂಚನೆ ಬೇಕು, ಹಳೆಯದು ಹದಿನೆಂಟು ಪುಟ ಇದೆ, ಯಾರೂ ಓದುತ್ತಿಲ್ಲ ಎಂದರು. ಅದನ್ನು ಓದುವಾಗ ನನಗೆ ಕೆಳಗಿನ ಅಂಗಳದಿಂದ ನಂಜಣ್ಣನ ರಾಗ ಕೇಳಿಸುತ್ತಿತ್ತು.

ನಂಜಣ್ಣ ನಮ್ಮ ದೊಡ್ಡಮ್ಮನ ಮನೆಯಲ್ಲಿ ಕಾಯಿ ಎಣಿಸುವವನು. ತೋಟದಿಂದ ಬಂದ ಕಾಯಿಯನ್ನು ಅಂಗಳದ ಒಂದು ಕಡೆಯಿಂದ ಇನ್ನೊಂದು ಕಡೆಗೆ, ಕೈಗೊಂದರಂತೆ ಜೊತೆ ಜೊತೆಯಾಗಿ ಎಸೆಯುತ್ತ ಲಾಭ ಅನ್ನುತ್ತಾನೆ, ಎರಡು ಅನ್ನುತ್ತಾನೆ, ಹಾಡಿದ ಹಾಗೆ. ಐವತ್ತು ಜೊತೆಗೆ ನೂರು. ನೂರಾದ ತಕ್ಷಣ ಇನ್ನೊಂದು ಕಾಯಿಯನ್ನು ಬೇರೆಯಾಗಿ ಗೋಡೆಯ ಪಕ್ಕ ಇಡುತ್ತಾನೆ. ಅದು ಗುರುತಿನ ಕಾಯಿ. ಮತ್ತೆ ಲಾಭದಿಂದ ಶುರು. ಮಧ್ಯದಲ್ಲಿ ಯಾರಾದರೂ ಬಂದು ಮಾತಾಡಿಸಲಿ, ಬೀಡಿ ಹಚ್ಚಲಿ, ಜಗಳವೇ ಆಗಲಿ, ಎಷ್ಟು ನೂರಾಯಿತು ಎಂದು ತಲೆಯಲ್ಲಿ ಇಟ್ಟುಕೊಳ್ಳಬೇಕಿಲ್ಲ. ಗೋಡೆಯ ಪಕ್ಕ ನೋಡಿದರೆ ಸಾಕು.

ನನಗೆ ರೋಮಾಂಚನವಾಯಿತು. ಎಷ್ಟು ತಲೆಮಾರಿನ ಜಾಣತನ, ಅದನ್ನು ಜಗತ್ತಿಗೆ ತಲುಪಿಸುವ ಅಟ್ಟದಲ್ಲಿ ನಾನಿದ್ದೇನೆ. ಅರ್ಧ ಗಂಟೆಯಲ್ಲಿ ಬರೆದೆ. ಎರಡೂ ಕೈ ಬಳಸಿ. ಐವತ್ತು ಜೊತೆಯಾದ ಮೇಲೆ ಇನ್ನೊಂದನ್ನು ಗುರುತಿಗಾಗಿ ಬೇರೆ ಇಡಿ. ಕೊನೆಯಲ್ಲಿ ಗುರುತಿನವು ಎಷ್ಟಿವೆಯೋ ಅಷ್ಟು ನೂರು. ಅದಕ್ಕೆ ಉಳಿದ ಬಿಡಿಯನ್ನು ಸೇರಿಸಿ. ಇಷ್ಟೇ. ಒಂದು ಚಿತ್ರವನ್ನೂ ಬರೆದೆ. ಮನುಷ್ಯನ ಚಿತ್ರ ಸ್ವಲ್ಪ ಕಪ್ಪೆಯ ಹಾಗೆ ಬಂದಿತ್ತು, ಆದರೆ ಎರಡು ಕೈ ಸ್ಪಷ್ಟವಾಗಿದ್ದವು. ಮಾರ್ತಾ ಓದಿ, ಇಷ್ಟು ಸರಳವಾದದ್ದು ನಮಗೆ ಯಾಕೆ ಹೊಳೆಯಲಿಲ್ಲ ಎಂದು ಎಲ್ಲರಿಗೂ ಕಳಿಸಿದರು. ಆ ದಿನ ನಾನು ಏಣಿಯನ್ನು ಇಳಿಯಲಿಲ್ಲ, ಹಾರಿದೆ. ಇದಕ್ಕೆ ಸಾಕ್ಷಿ ಮೊಣಕಾಲಿನಲ್ಲಿದೆ.

ಆಮೇಲೆ ಪೂರ್ವ ಆಫ್ರಿಕಾದ ಕಡಲ ದಂಡೆಯ ಒಂದು ಊರಿಗೆ ಚಂಡಮಾರುತ ಬಡಿಯಿತು. ಅಲ್ಲಿ ನಮ್ಮ ಸಂಸ್ಥೆಯ ಒಂದು ಗೋದಾಮಿತ್ತು. ಅದನ್ನು ನೋಡಿಕೊಳ್ಳುವವರು ದೌದಿ ಎಂಬ ಹಿರಿಯರು. ಬಿಳಿ ಗಡ್ಡ, ನೀಲಿ ಅಂಗಿ, ಕಿಟಕಿಯಾಚೆ ನಮ್ಮ ಹಾಗೆಯೇ ತೆಂಗಿನ ಮರ. ಹಂಚುವ ಮೊದಲು ಕಂಬಳಿ ಎಣಿಸಿ ಎಂದು ಮಾರ್ತಾ ಹೇಳಿದರು. ನನ್ನ ಪುಟವನ್ನು ಹಿಡಿದುಕೊಂಡು ಸ್ವಯಂಸೇವಕರು ಎಣಿಸಿದರು. ಪುಸ್ತಕದಲ್ಲಿ ಇದ್ದದ್ದಕ್ಕಿಂತ ಮೂವತ್ತೊಂದು ಕಂಬಳಿ ಕಮ್ಮಿ.

ಮಾರನೇ ದಿನ ಮತ್ತೆ ಎಣಿಸಿ ಅಂದರು. ಎಣಿಸಿದರು. ಅರವತ್ತೊಂದು ಕಮ್ಮಿ.

ಬೀಗ ಒಡೆದಿರಲಿಲ್ಲ. ಕಾವಲಿನವರು ಕಣ್ಣು ಮುಚ್ಚಿರಲಿಲ್ಲ. ಗೋದಾಮಿನ ಕೀಲಿ ಇದ್ದದ್ದು ದೌದಿ ಅವರ ಹತ್ತಿರ ಮಾತ್ರ. ವಿಚಾರಣೆ ನಡೆಯುವಾಗಲೇ ಕದಿಯುತ್ತಿದ್ದಾರೆ ಎಂದರೆ ಎಂಥ ಧೈರ್ಯ ಎಂದು ಮಾರ್ತಾ ಬೇಸರದಿಂದ ಹೇಳಿದರು. ಶುಕ್ರವಾರದ ಸಭೆಯಲ್ಲಿ ಕೀಲಿಯನ್ನು ಬೇರೆಯವರಿಗೆ ಒಪ್ಪಿಸಲು ಹೇಳಬೇಕು, ಅವರ ಕೆಲಸ ಅಲ್ಲಿಗೆ ಮುಗಿಯುತ್ತದೆ, ಅದಕ್ಕೆ ಒಂದು ಟಿಪ್ಪಣಿ ತಯಾರಿಸು ಎಂದು ನನಗೆ ಒಪ್ಪಿಸಿದರು. ನನ್ನ ಬಗ್ಗೆ ಒಂದು ನಿಜ ಹೇಳುತ್ತೇನೆ, ನೀವು ಮನಸ್ಸಿನಲ್ಲೇ ಇಟ್ಟುಕೊಳ್ಳಿ. ನಾನು ಆ ಟಿಪ್ಪಣಿಯನ್ನು ತುಂಬ ಸಂತೋಷದಿಂದ ಬರೆದೆ. ‘ವ್ಯವಸ್ಥಿತ ಸೋರಿಕೆ’ ಎಂಬ ಅರ್ಥದ ಒಂದು ಇಂಗ್ಲಿಷ್ ಪದಜೋಡಿ ಹೊಳೆದು, ಅದನ್ನು ಒಂದೇ ಪುಟದಲ್ಲಿ ಮೂರು ಕಡೆ ಬಳಸಿದ್ದೆ. ಒಬ್ಬ ಮನುಷ್ಯನ ಕೆಲಸ ಹೋಗುತ್ತಿದೆ ಅನ್ನುವುದಕ್ಕಿಂತ ವಾಕ್ಯ ಎಷ್ಟು ಚೆನ್ನಾಗಿ ನಿಂತಿದೆ ಅನ್ನುವುದೇ ನನ್ನ ತಲೆಯಲ್ಲಿತ್ತು.

ದೊಡ್ಡಮ್ಮ ಕಾಫಿ ಕೊಡಲು ಏಣಿ ಹತ್ತಿ ಬಂದಾಗ ಪರದೆಯ ಮೇಲೆ ಹಿಂದಿನ ದಿನದ ಸಭೆಯ ಚಿತ್ರವಿತ್ತು. ವಿಷಯ ಹೇಳಿದೆ. ಅವಳು ಲೋಟ ಕೆಳಗಿಟ್ಟು ದೌದಿ ಅವರನ್ನು ದಿಟ್ಟಿಸಿದಳು. ಅವರು ಒಂದು ಬಟ್ಟೆಯ ಗಂಟಿನಂಥದರ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಎರಡನೇ ದಿನ ಮೊದಲ ದಿನಕ್ಕಿಂತ ಒಂದು ಗೇಣು ಎತ್ತರ ಕಂಡಿದ್ದರು. ಕ್ಯಾಮೆರಾ ಓರೆಯಾಗಿರಬೇಕು ಅಂದುಕೊಂಡಿದ್ದೆ.

“ಸೆಕೆ ಊರಲ್ವೇನೇ ಅದು? ಅರವತ್ ಕಂಬ್ಳಿ ಕದ್ದು ಆವಪ್ಪ ಏನ್ ಮಾಡ್ತಾನೆ, ಹೊದ್ಕಂಡು ಬೆಂದೋಗ್ತಾನ?”

ಮಾರಿಕೊಳ್ಳಬಹುದು ಎಂದೆ.

“ಬುಡು, ಕದ್ದೋನ ಮಕ ಹಂಗಿರಲ್ಲ ಕಣೇ. ಆವಪ್ಪ ಏನೋ ಕಾಯ್ತಾ ಕುಂತವ್ನೆ.”

ಅಂತರರಾಷ್ಟ್ರೀಯ ಸಂಸ್ಥೆಗಳಲ್ಲಿ ಮುಖ ನೋಡಿ ತೀರ್ಮಾನ ಮಾಡುವುದಿಲ್ಲ ದೊಡ್ಡಮ್ಮ ಎಂದು ನಾನು ವಿವರಿಸಿದೆ. ಇಲಿಯೂ ಕೇಳಿಸಿಕೊಂಡಿರಬೇಕು.

ಶುಕ್ರವಾರ ಬಂತು. ಹನ್ನೊಂದು ಮುಖಗಳು ಪರದೆಯ ಮೇಲೆ. ಮಾರ್ತಾ, ಅವರ ಬೆಕ್ಕು, ಬೇರೆ ಬೇರೆ ದೇಶದ ಅಧಿಕಾರಿಗಳು, ಗೋದಾಮಿನಿಂದ ದೌದಿ ಅವರು. ನಾನು ಕೋಟು ಹಾಕಿಕೊಂಡು ಸಭೆಯ ನಡಾವಳಿ ಬರೆದುಕೊಳ್ಳುತ್ತಿದ್ದೆ. ಕೆಳಗೆ ಅಂಗಳದಲ್ಲಿ ನಂಜಣ್ಣ ಹೊಸದಾಗಿ ಬಂದ ಕಾಯಿಯನ್ನು ಎಣಿಸುತ್ತಿದ್ದ. ಮಾರ್ತಾ ನನ್ನ ಟಿಪ್ಪಣಿಯನ್ನು ಓದಲು ಶುರು ಮಾಡಿದರು. ನನ್ನ ಪದಜೋಡಿ ಮೊದಲನೇ ಸಲ ಬಂತು. ಚೆನ್ನಾಗಿತ್ತು. ಅಷ್ಟರಲ್ಲಿ ನಂಜಣ್ಣನ ರಾಗ ನಿಂತಿತು. ರಾಗ ನಿಂತರೆ ಕೆಳಗೆ ನೋಡುವುದು ನನಗೆ ರೂಢಿಯಾಗಿಬಿಟ್ಟಿತ್ತು, ನೋಡಿದೆ. ಅವನು ಗೋಡೆಯ ಪಕ್ಕದ ಗುರುತಿನ ಕಾಯಿಗಳನ್ನು ಬೆರಳಲ್ಲಿ ಎಣಿಸಿದ, ದೊಡ್ಡಮ್ಮನಿಗೆ ಏನೋ ಕೂಗಿ ಹೇಳಿದ. ಆಮೇಲೆ ಒಂದೊಂದಾಗಿ ಆ ಕಾಯಿಗಳನ್ನೇ ಎತ್ತಿ, ಮತ್ತೆ ಲಾಭ ಎರಡು ಅನ್ನುತ್ತ ಗುಡ್ಡೆಗೆ ಎಸೆಯತೊಡಗಿದ.

ಹುಟ್ಟಿದಾಗಿನಿಂದ ನೋಡಿದ್ದೇನೆ ಇದನ್ನು. ನೋಡಿ ನೋಡಿ ರೂಢಿಯಾಗಿದ್ದಕ್ಕೇ ಅದನ್ನು ಬರೆಯಬೇಕು ಅನ್ನಿಸಿರಲಿಲ್ಲ.

ಏಣಿಯನ್ನು ಹೇಗೆ ಇಳಿದೆನೋ ಗೊತ್ತಿಲ್ಲ. ಮೇಲೆ ಕೋಟು, ಕೆಳಗೆ ಹೂವಿನ ಪೈಜಾಮ, ಬರಿಗಾಲು. ಅಂಗಳದಲ್ಲಿದ್ದವರೆಲ್ಲ ತಿರುಗಿ ನೋಡಿದರು.

“ನಂಜಣ್ಣ, ಆ ಗುರುತಿನ ಕಾಯ್ನ ಯಾಕೆ ಗುಡ್ಡೆಗೆ ಹಾಕ್ದೆ?”

“ಇನ್ನೆಲ್ಲಿಗ್ ಹಾಕ್ಲವ್ವ?”

“ಅವನ್ನೂ ಎಣಿಸ್ದಾ?”

ನಂಜಣ್ಣ ನನ್ನ ಕೋಟು ನೋಡಿದ, ಪೈಜಾಮ ನೋಡಿದ, ಇಷ್ಟು ಓದಿದ ಹುಡುಗಿಗೆ ಹೇಗೆ ಹೇಳುವುದು ಅನ್ನುವ ಹಾಗೆ ಟವೆಲಿನಿಂದ ಮುಖ ಒರೆಸಿಕೊಂಡ.

“ಎಣಿಸ್ದೆ ಬುಡೋಕಾಯ್ತದಾ? ಅವೇನ್ ಕಲ್ಲಾ? ಅವೂ ಕಾಯೇ ಅಲ್ವೇನವ್ವ.”

ಮತ್ತೆ ಏಣಿ ಹತ್ತುವಾಗ ಒಂದು ಯೋಚನೆ ಬಂತು ಎಂಬುದನ್ನೂ ಹೇಳಿಬಿಡಬೇಕು. ಸಭೆಯಲ್ಲಿ ಏನೂ ಹೇಳದೆ, ಆಮೇಲೆ ಗೋದಾಮಿಗೆ ಮೆಲ್ಲಗೆ ಒಂದು ಮೇಲ್ ಕಳಿಸಿ ಮತ್ತೊಮ್ಮೆ ಎಣಿಸಿ ಅನ್ನಬಹುದಿತ್ತು. ಕಂಬಳಿ ಸಿಗುತ್ತಿತ್ತು. ನನ್ನ ಪ್ರಮಾಣಪತ್ರವೂ ಸಿಗುತ್ತಿತ್ತು. ಆ ಯೋಚನೆಗೆ ಏಣಿಯ ಮೂರು ಮೆಟ್ಟಿಲು ಸಾಕಾದವು. ನಾಲ್ಕನೆಯದರಲ್ಲಿ ಅದು ಬಿದ್ದುಹೋಯಿತು ಎಂದು ಹೇಳಿಕೊಳ್ಳಲು ನನಗೆ ಇಷ್ಟ. ಆದರೆ ನಿಜ ಏನೆಂದರೆ, ಮೇಲೆ ಹೋಗಿ ನೋಡಿದಾಗ ನನ್ನ ಮೈಕು ಆನ್ ಆಗಿಯೇ ಇತ್ತು. ಹನ್ನೊಂದು ಜನವೂ ಸುಮ್ಮನೆ ನನ್ನ ಖಾಲಿ ಜಾಗವನ್ನೂ ಅದರ ಹಿಂದಿನ ಕಾಯಿಗಳನ್ನೂ ನೋಡುತ್ತ ಕೂತಿದ್ದರು. ಎಲ್ಲ ಸರಿಯಿದೆಯೇ ಎಂದು ಮಾರ್ತಾ ಕೇಳಿದರು. ಹಾಗಾಗಿ ನಾನು ಪ್ರಾಮಾಣಿಕಳೋ ಸಿಕ್ಕಿಬಿದ್ದವಳೋ ಎಂಬುದು ಇವತ್ತಿಗೂ ತೀರ್ಮಾನವಾಗಿಲ್ಲ.

ಎಣಿಸುವ ಸೂಚನೆ ನನ್ನದು, ಅದರಲ್ಲಿ ಕೊನೆಯ ಒಂದು ಸಾಲು ಇಲ್ಲ ಎಂದು ಹೇಳಿದೆ. ಗುರುತಿಗೆಂದು ಬೇರೆ ಇಟ್ಟ ಕಂಬಳಿಗಳನ್ನು ಕೊನೆಗೆ ಲೆಕ್ಕಕ್ಕೆ ಸೇರಿಸಬೇಕು, ಅದನ್ನು ಬರೆದಿಲ್ಲ. ಪ್ರತಿ ಸಲ ಎಣಿಸಿದಾಗಲೂ ಇನ್ನಷ್ಟು ಬೇರೆ ಇಟ್ಟಿರುತ್ತಾರೆ, ಅದಕ್ಕೇ ಎಣಿಸಿದಷ್ಟೂ ಕಮ್ಮಿಯಾಗಿದೆ. ಆಮೇಲೆ ದೌದಿ ಅವರನ್ನು ಕೇಳಿದೆ. ಸರ್, ಆ ಬೇರೆ ಇಟ್ಟ ಕಂಬಳಿಗಳು ಎಲ್ಲಿವೆ?

ಅವರು ನಿಧಾನಕ್ಕೆ ಎದ್ದು ನಿಂತರು. ತಿರುಗಿ ತಾವು ಕೂತಿದ್ದ ಜಾಗವನ್ನು ನೋಡಿದರು. ನಾವೆಲ್ಲರೂ ನೋಡಿದೆವು. ಬಟ್ಟೆಯ ಗಂಟಲ್ಲ ಅದು. ಅಚ್ಚುಕಟ್ಟಾಗಿ ಮಡಿಸಿ, ಮೇಲೊಂದು ಚಾಪೆ ಹಾಸಿದ ಬೂದು ಕಂಬಳಿಗಳ ಜಗಲಿ. ಮೂರು ದಿನದಿಂದ ಕಳುವಾದ ಕಂಬಳಿಗಳ ವಿಚಾರಣೆಗೆ ಅವರು ಆ ಕಂಬಳಿಗಳ ಮೇಲೆಯೇ ಕೂತು ಉತ್ತರ ಕೊಟ್ಟಿದ್ದರು. ಅವರು ಅಂಗಿಯ ಜೇಬಿನಿಂದ ನಾಲ್ಕಾಗಿ ಮಡಿಸಿದ ಒಂದು ಕಾಗದ ತೆಗೆದರು. ಮುದ್ರಿಸಿಟ್ಟುಕೊಂಡ ಮೇಲ್. ಓದಿದರು. ಗುರುತಿಗೆ ಇಟ್ಟವನ್ನು ಏನು ಮಾಡಬೇಕು ಎಂದು ಅವರು ಕೇಳಿದ್ದರು. ಭದ್ರವಾಗಿ ಕಾದಿಡಿ, ಯಾವ ಕಾರಣಕ್ಕೂ ಉಳಿದವುಗಳ ಜೊತೆ ಬೆರೆಸಬೇಡಿ ಎಂಬ ಉತ್ತರ ಬಂದಿತ್ತು. ಕೆಳಗೆ ನನ್ನ ಹೆಸರು.

ಸತ್ಯವಾಗಿ ಹೇಳುತ್ತೇನೆ, ಅಂಥ ಮೇಲ್ ಕಳಿಸಿದ ನೆನಪು ನನಗೆ ಕಿಂಚಿತ್ತೂ ಇರಲಿಲ್ಲ. ಕಳಿಸಿದ್ದರ ಪಟ್ಟಿಯಲ್ಲಿ ಹುಡುಕಿದೆ. ಇತ್ತು. ಎಣಿಸುವಾಗ ಗುರುತು ಕಲೆತುಹೋಗಬಾರದಲ್ಲ ಎಂದುಕೊಂಡು, ಊಟದ ಹೊತ್ತಿನಲ್ಲಿ ಒಂದು ಕೈಯಲ್ಲಿ ಮುದ್ದೆ ಹಿಡಿದು ಬರೆದಿರಬೇಕು.

ನಿಮ್ಮಲ್ಲೂ ತೆಂಗಿನಕಾಯಿಯನ್ನು ಹೀಗೆ ಎಣಿಸುತ್ತಾರಾ ಎಂದು ದೌದಿ ಅವರು ಕೇಳಿದರು. ನಮ್ಮಲ್ಲೂ ಹೀಗೆಯೇ ಎಂದರು. ಹಾಗಿದ್ದರೆ ಕೊನೆಗೆ ಸೇರಿಸಬೇಕೆಂದು ನಿಮಗೆ ಗೊತ್ತಿತ್ತಲ್ಲ, ಯಾಕೆ ಹೇಳಲಿಲ್ಲ ಎಂದು ಮಾರ್ತಾ ಕೇಳಿದಾಗ ಅವರು ತುಂಬ ಗಂಭೀರವಾಗಿ, ನೀವು ದೊಡ್ಡ ಆಫೀಸಿನವರು ಬೆರೆಸಬೇಡಿ ಅಂದಿರಿ, ಏನೋ ಕಾರಣವಿರುತ್ತದೆ ಅಂದುಕೊಂಡೆ ಎಂದರು. ಇವು ನಿಮ್ಮವು, ಭದ್ರವಾಗಿವೆ. ಕಳುವಾದದ್ದು ಬೇರೆ ಅರವತ್ತೊಂದು ಅಂದುಕೊಂಡು ಮೂರು ದಿನದಿಂದ ನಿದ್ದೆಯಿಲ್ಲ ಎಂದರು.

ಮೊದಲು ನಕ್ಕವರು ಮಾರ್ತಾ. ನಗಬಾರದೆಂದು ಕ್ಯಾಮೆರಾ ಆರಿಸಿದರು. ಆದರೆ ಮೈಕು ಆರಿಸಲಿಲ್ಲ. ಆಮೇಲೆ ದೌದಿ ಅವರು ಆ ಜಗಲಿಯ ಮೇಲೆ ಕುಸಿದು ಕೂತು, ಗಡ್ಡ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ, ಎರಡಕ್ಕೂ ಕೋಟಿನ ತೋಳನ್ನೇ ಬಳಸಿದೆ. ಏನೇ ಅದು ಗಲಾಟೆ ಎಂದು ದೊಡ್ಡಮ್ಮ ಮೇಲೆ ಬಂದಳು. ವಿಷಯ ತಿಳಿದದ್ದೇ ನಂಜಣ್ಣನನ್ನೂ ಕೂಗಿ ಕರೆದಳು. ಮಾರ್ತಾ ಅವರ ಕೋರಿಕೆಯ ಮೇರೆಗೆ ನಾನು ಲ್ಯಾಪ್‌ಟಾಪನ್ನು ಅಂಗಳದ ಕಡೆಗೆ ತಿರುಗಿಸಿ ಹಿಡಿದೆ. ನಂಜಣ್ಣ ಟವೆಲನ್ನು ತಲೆಗೆ ಸುತ್ತಿಕೊಂಡು, ಹನ್ನೊಂದು ದೇಶದವರ ಮುಂದೆ ನೂರು ಕಾಯಿ ಎಣಿಸಿ, ಒಂದನ್ನು ಗೋಡೆಗಿಟ್ಟು, ಅದನ್ನು ಎರಡೂ ಕೈಯಲ್ಲಿ ಎತ್ತಿ ಎಲ್ಲರಿಗೂ ಕಾಣುವ ಹಾಗೆ ತೋರಿಸಿ ಗುಡ್ಡೆಗೆ ಎಸೆದ. ಚಪ್ಪಾಳೆಯಾಯಿತು. ಹನ್ನೊಂದು ದೇಶ ಅಂದೆನಲ್ಲ, ಅದು ಹನ್ನೊಂದು ಮುಖ. ದೇಶ ಐದೋ ಆರೋ ಇದ್ದಿರಬೇಕು. ನಂಜಣ್ಣ ಮಾತ್ರ ಈಗಲೂ ಹನ್ನೊಂದು ಅಂತಲೇ ಹೇಳುತ್ತಾನೆ, ನಾನು ತಿದ್ದುವುದಿಲ್ಲ.

ನನ್ನನ್ನು ಸಂಸ್ಥೆಯವರು ಕೆಲಸದಿಂದ ಬಿಡಿಸಲಿಲ್ಲ. ಸೂಚನೆಗೆ ಒಂದು ಸಾಲು ಸೇರಿಸಲು ಹೇಳಿದರು. ‘ಗುರುತಿಗೆ ಇಟ್ಟವೂ ಕಂಬಳಿಗಳೇ, ಅವನ್ನೂ ಎಣಿಸಿ’ ಎಂದು ಬರೆದೆ. ನಾನು ಇಂಗ್ಲಿಷಿನಲ್ಲಿ ಬರೆದ ವಾಕ್ಯಗಳಲ್ಲಿ ಅತ್ಯಂತ ಒಳ್ಳೆಯದು ಇದೇ, ಮತ್ತು ಇದು ನಂಜಣ್ಣನದು. ದೌದಿ ಅವರು ಹಬ್ಬಗಳಿಗೆ ನನಗೆ ಸಂದೇಶ ಕಳಿಸುತ್ತಾರೆ. ಕೊನೆಯಲ್ಲಿ ತಪ್ಪದೆ, ಎಲ್ಲವೂ ಭದ್ರವಾಗಿದೆ, ಯಾವುದನ್ನೂ ಬೆರೆಸಿಲ್ಲ ಎಂದಿರುತ್ತದೆ.

ಈ ಕಥೆಯನ್ನು ನಾನು ಎಷ್ಟು ಕಡೆ ಹೇಳಿದ್ದೇನೋ ಲೆಕ್ಕವಿಲ್ಲ. ಹೇಳಿ ಹೇಳಿ ದೌದಿ ಅವರು ಏಳುವ ಭಂಗಿ ನನಗೆ ಎಷ್ಟು ಚೆನ್ನಾಗಿ ಬರುತ್ತದೆ ಎಂದರೆ, ಸಂಪಿಗೆ ಎಂಬ ಊರಿನಲ್ಲಿ ನನ್ನ ಸೋದರತ್ತೆಯ ಮಗಳ ಮದುವೆಯಲ್ಲಿ ಊಟದ ಪಂಕ್ತಿಯ ಮಧ್ಯೆಯೇ ಎದ್ದು ಮಾಡಿ ತೋರಿಸಿದೆ. ಜನ ಎಲೆಯ ಮುಂದೆ ಬಾಗಿ ಬಾಗಿ ನಕ್ಕರು. ಎದುರಿಗೆ ಕೂತಿದ್ದ ಸೋದರಮಾವ ಪಾಯಸ ಬೆರಳಲ್ಲಿ ತಿರುವುತ್ತ ಒಂದು ಪ್ರಶ್ನೆ ಹಾಕಿದರು.

“ಗುರುತಿಂದೇ ಒಂದು ಕಳ್ದೋಗಿದ್ರೆ ಏನಾಯ್ತಿತ್ತೇ?”

“ಆಗ ಒಂದಲ್ಲ ಮಾವ, ಅದರ ಲೆಕ್ಕದ ನೂರೂ ಸೇರಿ ನೂರೊಂದು ಹೋಯ್ತಿತ್ತು,” ಎಂದು ನಗುತ್ತಲೇ ಹೇಳಿದೆ. ಎಲ್ಲರೂ ಇನ್ನೊಮ್ಮೆ ನಕ್ಕರು. ನಾನೂ ನಗಲು ಹೋದೆ, ಆಗಲಿಲ್ಲ.

ನಂಜಣ್ಣನಿಗಿಂತ ಮೊದಲು ದೊಡ್ಡಮ್ಮನ ಮನೆಯಲ್ಲಿ ಸಣ್ಣಯ್ಯ ಎಂಬವನು ಎಣಿಸುತ್ತಿದ್ದ. ತೋಟದಿಂದ ಕಾಯಿ ತರುವ ಗಾಡಿಯೂ ಅವನದೇ. ನನಗೆ ಏಳೋ ಎಂಟೋ ವಯಸ್ಸು, ಬೇಸಿಗೆ ರಜ. ಅಂಗಳದಲ್ಲಿ ಆಟವಾಡಲು ಯಾರೂ ಇರಲಿಲ್ಲ. ಗೋಡೆಯ ಪಕ್ಕದ ಕಾಯಿಗಳನ್ನು ತೊಟ್ಟು ಮೇಲಾಗಿ ನಿಲ್ಲಿಸಿದರೆ ಟೋಪಿ ಹಾಕಿಕೊಂಡ ಮಕ್ಕಳ ಹಾಗೆ ಕಾಣುತ್ತಿದ್ದವು. ನಾನು ಮೇಷ್ಟ್ರಾದೆ. ಹಾಜರಿ ಕೂಗಿದೆ. ಒಬ್ಬ ಸರಿಯಾಗಿ ಕೂರಲಿಲ್ಲ, ಉರುಳಿಕೊಂಡು ಹೋದ. ಅವನನ್ನು ಎತ್ತಿಕೊಂಡು ಹೋಗಿ ಹುಲ್ಲಿನ ಬಣವೆಯ ಹಿಂದೆ ನಿಲ್ಲಿಸಿ, ಮನೆಗೆ ಹೋಗಿ ಅಪ್ಪನನ್ನು ಕರೆದುಕೊಂಡು ಬಾ ಎಂದೆ. ಇಷ್ಟು ನನಗೆ ಕಾಣಿಸುತ್ತದೆ. ತೊಟ್ಟಿನ ಒರಟು ಕೂಡ ಬೆರಳಿಗೆ ಸಿಗುತ್ತದೆ. ಆದರೆ ಅವನನ್ನು ಮತ್ತೆ ತಂದು ಸಾಲಿನಲ್ಲಿ ಕೂರಿಸಿದೆನೇ, ಅದು ಕಾಣಿಸುವುದಿಲ್ಲ. ಅದು ಆ ವರ್ಷವೋ ಬೇರೆ ವರ್ಷವೋ, ಸಣ್ಣಯ್ಯ ಎಣಿಸುವಾಗಲೋ ಎಣಿಸಿ ಹೋದ ಮೇಲೋ, ಅದೂ ತಿಳಿಯದು. ಮದುವೆ ಮನೆಯಲ್ಲಿ ಮಾವ ಕೇಳಿದ ಮೇಲೆ ನಾನೇ ಹೆಣೆದುಕೊಂಡದ್ದೂ ಇರಬಹುದು. ಖಚಿತವಾಗಿ ಗೊತ್ತಿರುವುದು ಒಂದೇ. ಅದೇ ಸುಮಾರಿಗೆ ಒಂದು ಸಲ ತೋಟದಲ್ಲಿ ಎಣಿಸಿದ್ದಕ್ಕೂ ಅಂಗಳದಲ್ಲಿ ಎಣಿಸಿದ್ದಕ್ಕೂ ತಾಳೆಯಾಗಲಿಲ್ಲ. ದಾರಿಯಲ್ಲಿ ಗಾಡಿಯಿಂದ ಇಳಿಸಿಕೊಂಡಿದ್ದಾನೆ ಎಂದರು. ನಾಳೆಯಿಂದ ಬರಬೇಡ ಎಂದು ದೊಡ್ಡಪ್ಪ ಜಗಲಿಯ ಮೇಲಿಂದಲೇ ಹೇಳಿದರು. ಸಣ್ಣಯ್ಯ ನೊಗ ಎತ್ತಿ ಎತ್ತುಗಳನ್ನು ಕಟ್ಟಿ ಹೊರಟುಹೋದ. ಈಗ ಕಂದಿಕೆರೆಯಲ್ಲಿ ಮಗಳ ಮನೆಯಲ್ಲಿದ್ದಾನಂತೆ.

ಇದಕ್ಕೆ ಯಾರ ಜೇಬಿನಲ್ಲೂ ಮಡಿಸಿಟ್ಟ ಕಾಗದವಿಲ್ಲ. ದೊಡ್ಡಪ್ಪ ಇಲ್ಲ. ಕೇಳಬಹುದಾದವಳು ದೊಡ್ಡಮ್ಮ ಒಬ್ಬಳೇ. ಹೋದ ತಿಂಗಳು ಹೋಗಿದ್ದಾಗ, ಅವಳು ತುರಿಮಣೆಯ ಮುಂದೆ ಕೂತು ಕಾಯಿ ತುರಿಯುತ್ತಿದ್ದಾಗ ಕೇಳಿದೆ. ಅವಳ ಕೈ ನಿಂತದ್ದನ್ನು ನೋಡಿದೆ. ಆಮೇಲೆ ಅವಳು ಇನ್ನೊಂದು ಹೋಳು ಎತ್ತಿಕೊಂಡು ತುರಿಯತೊಡಗಿದಳು, ಹೊಸ ಮನೆಗೆ ಬಣ್ಣ ಹೊಡೆಸಿದ್ದಾಯಿತೇ ಎಂದು ವಿಚಾರಿಸಿದಳು. ಅದಾದ ಮೇಲೆ ಎರಡು ಸಲ ಫೋನಿನಲ್ಲಿ ಮಾತಾಡಿದ್ದೇವೆ, ಅವಳು ಆ ಮಾತು ಎತ್ತಿಲ್ಲ. ನಾನು ಕೇಳಿದ್ದು ಇಷ್ಟೇ.

“ದೊಡ್ಡಮ್ಮ, ಸಣ್ಣಯ್ಯನ್ನ ಬಿಡಿಸಿದ್ರಲ್ಲ, ಆವತ್ತು ಕಮ್ಮಿ ಬಂದಿದ್ದು ಎಷ್ಟು ಕಾಯಿ? ಸರಿಯಾಗಿ ನೂರೊಂದಾ?”